ಓಟು ಹಾಕದವರ ಪಟ್ಟಿಯಲ್ಲಿ ನಾನೂ ಇದ್ದೇನೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು, ಮತ ಹಾಕದವರ ಪಡಿತರ ಚೀಟಿ ರದ್ದು ಮಾಡಬೇಕು, ಗೃಹಲಕ್ಷ್ಮಿ ದುಡ್ಡು ನಿಲ್ಲಿಸಬೇಕು, ಆಗ ತಾನಾಗಿ ಬುದ್ಧಿ ಬರುತ್ತದೆ ಎಂದು ಬರೆದಿದ್ದರು. ಬೆಳಿಗ್ಗೆ ಓದಿ ಪೇಪರ್ ಮಡಚಿಟ್ಟೆ. ಮಧ್ಯಾಹ್ನ ಮೊಮ್ಮಗ ಮಲಗಿದ ಮೇಲೆ ಮತ್ತೆ ತೆಗೆದು ಓದಿದೆ. ಅವರು ಬೈದಿರುವ ಪೈಕಿ ನಾನೂ ಒಬ್ಬಳು. ಸುಮ್ಮನಿರಲು ಆಗಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದು 2023ರಲ್ಲಿ ನಿವೃತ್ತಳಾದೆ. ಅದರ ಜೊತೆಗೆ ಹದಿನಾಲ್ಕು ವರ್ಷ ನಮ್ಮೂರ ಮತಗಟ್ಟೆಗೆ ಬಿಎಲ್‌ಓ. ಬಿಎಲ್‌ಓ ಅಂದರೆ ಬೂತ್ ಮಟ್ಟದ ಅಧಿಕಾರಿ. ಅಧಿಕಾರಿ ಅನ್ನುವುದು ಹೆಸರಿಗೆ. ಕೆಲಸ ಅಂದರೆ ಪಟ್ಟಿ ಹಿಡಿದು ಮನೆ ಮನೆ ತಿರುಗುವುದು, ಸತ್ತವರ ಹೆಸರು ತೆಗೆಸುವುದು, ಮದುವೆಯಾಗಿ ಬಂದವರ ಹೆಸರು ಸೇರಿಸುವುದು, ನಾಯಿ ಕಟ್ಟಿದ್ದಾರೋ ಬಿಟ್ಟಿದ್ದಾರೋ ನೋಡಿಕೊಂಡು ಗೇಟಿಗೆ ಕೈ ಹಾಕುವುದು. ನಮ್ಮದು ಮೇಲುಕೋಟೆ ಕ್ಷೇತ್ರ. 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ಮತದಾನ ಶೇ 90 ದಾಟಿದ ಕ್ಷೇತ್ರ. ಆ ಲೆಕ್ಕದಲ್ಲಿ ನನ್ನ ಚಪ್ಪಲಿ ಸವೆದದ್ದೂ ಸೇರಿದೆ ಎಂದು ಬೀಗಿದವಳು ನಾನು.

ಮುಂದಿನ ವರ್ಷವೇ, 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯಲ್ಲಿ ನಾನು ಓಟು ಹಾಕಲಿಲ್ಲ.

ಮಂಡ್ಯ ಕ್ಷೇತ್ರದಲ್ಲಿ ಆವತ್ತು ಶೇ 81ಕ್ಕೂ ಹೆಚ್ಚು ಮತದಾನವಾಯಿತು. ಉಳಿದ ಹದಿನೆಂಟು ಚಿಲ್ಲರೆಯಲ್ಲಿ ನಾನಿದ್ದೆ. ಎಲ್ಲಿದ್ದೆ ಎಂದರೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ಎರಡನೇ ಮಹಡಿಯ ಉಕ್ಕಿನ ಬೆಂಚಿನ ಮೇಲೆ. ಹಿಂದಿನ ಸಂಜೆ ಮಗಳಿಗೆ ಸಿಸೇರಿಯನ್ ಆಗಿತ್ತು. ಮಗುವಿಗೆ ಉಸಿರಾಟದ ತೊಂದರೆ ಎಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅಳಿಯ ಎಲ್ಲಿ ಅಂತೀರಿ? ಸರ್ಕಾರಿ ಪ್ರೌಢಶಾಲೆ ಮೇಷ್ಟ್ರು, ಚುನಾವಣಾ ಡ್ಯೂಟಿ. 25ರ ಬೆಳಿಗ್ಗೆಯೇ ಎಚ್.ಡಿ. ಕೋಟೆ ಕಡೆಯ ಒಂದು ಮತಗಟ್ಟೆಗೆ ಮತಯಂತ್ರದ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದ್ದರು. ಅವರು ಮುಂಚೆಯೇ ಅಂಚೆ ಮತ ಹಾಕಿದ್ದರು, ಅವರದ್ದು ಲೆಕ್ಕಕ್ಕೆ ಬಂತು. ಹೆಂಡತಿಯದ್ದು, ಅತ್ತೆಯದ್ದು ಬರಲಿಲ್ಲ. ಊರಿಗೆ ಹೋಗಿ ಬರಲು ಎರಡು, ಎರಡೂವರೆ ಗಂಟೆ ಸಾಕಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮೂರು ಸಲ ಎದ್ದು ಲಿಫ್ಟಿನ ತನಕ ಹೋಗಿದ್ದೇನೆ. ಪ್ರತಿ ಸಲ ಒಳಗಿನಿಂದ ನರ್ಸ್ ಬಂದು ಅದನ್ನು ತನ್ನಿ, ಇದಕ್ಕೆ ಸಹಿ ಹಾಕಿ ಅನ್ನುತ್ತಿದ್ದಳು. ಸಂಜೆ ಆರಾಯಿತು.

ಹದಿನಾಲ್ಕು ವರ್ಷ ಆ ಕೆಲಸ ಮಾಡಿದವಳಿಗೆ ಒಂದು ಚಾಳಿ ಹತ್ತಿದೆ. ಚುನಾವಣೆ ದಿನ ಯಾರು ಎದುರಾದರೂ ಮುಖಕ್ಕಿಂತ ಮೊದಲು ಎಡಗೈಯ ತೋರುಬೆರಳು ನೋಡುತ್ತೇನೆ. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ ಇದೆಯೋ ಇಲ್ಲವೋ. ಆವತ್ತೂ ಕೂತಲ್ಲಿಂದಲೇ ನೋಡಿದೆ. ಚೀಟಿ ತಂದುಕೊಟ್ಟ ನರ್ಸ್ ಕೇರಳದ ಹುಡುಗಿ, ಬೆರಳು ಖಾಲಿ. ಕೇರಳದ ಇಪ್ಪತ್ತೂ ಕ್ಷೇತ್ರಗಳಲ್ಲಿ ಅದೇ ದಿನ ಮತದಾನ. ಅವಳು ಇಲ್ಲಿ ಹಗಲು ಪಾಳಿ. ನೆಲ ಒರೆಸುವ ಹೆಂಗಸು ಕಲಬುರಗಿ ಕಡೆಯವಳು. ಆ ಕಡೆ ಮೇ 7ಕ್ಕೆ ಇತ್ತು. ‘ಹೋಗ್ತೀಯೇನಮ್ಮ’ ಅಂದರೆ ಬರಿ ನಕ್ಕಳು. ಹೋಗಿ ಬರಲು ಎರಡು ಟಿಕೆಟ್ಟು, ಮೂರು ದಿನದ ಕೂಲಿ ಖೋತಾ, ಅಷ್ಟನ್ನು ಆ ನಗುವಿನಲ್ಲೇ ಹೇಳಿಬಿಟ್ಟಳು. ಗೇಟಿನ ಸೆಕ್ಯುರಿಟಿ ಕೊಳ್ಳೇಗಾಲದವನು, ಡಬಲ್ ಡ್ಯೂಟಿ, ಅವನದ್ದೂ ಖಾಲಿ. ಮಧ್ಯಾಹ್ನ ಬಂದ ದೊಡ್ಡ ಡಾಕ್ಟರ ಬೆರಳಲ್ಲಿ ಮಾತ್ರ ಹೊಚ್ಚ ಹೊಸ ಗೆರೆ. ಆಗಿನ್ನೂ ನೇರಳೆ ಬಣ್ಣಕ್ಕಿತ್ತು. ಅದರಲ್ಲಿರುವ ಸಿಲ್ವರ್ ನೈಟ್ರೇಟು ಬೆಳಕು ತಾಕುತ್ತಾ ತಾಕುತ್ತಾ ಕಪ್ಪಾಗುತ್ತದೆ.

ಆ ಮಸಿ ಎಲ್ಲಿಯದು? ಇದೇ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಗಿನ ಕಾರ್ಖಾನೆಯಾಗಿ ಶುರು ಮಾಡಿಸಿದ್ದು, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಇಲ್ಲಿಂದಲೇ ಹೋಗುವುದು. ಹತ್ತು ಮಿಲಿಲೀಟರಿನ ಒಂದು ಸೀಸೆಯಲ್ಲಿ ಸುಮಾರು ಏಳುನೂರು ಜನಕ್ಕೆ ಹಚ್ಚಬಹುದು. ಬನ್ನಿಮಂಟಪದ ಕಡೆ ಹೋದಾಗಲೆಲ್ಲ ಆವತ್ತಿನ ನೆನಪಾಗುತ್ತದೆ. ದೇಶಕ್ಕೆಲ್ಲ ಮಸಿ ಕೊಡುವ ಊರಿನಲ್ಲಿ ಕೂತು ನನ್ನ ಬೆರಳು ಖಾಲಿ.

ಕಾಗದ ಬರೆದ ಮಹನೀಯರಿಗೆ ನನ್ನದೊಂದೇ ಪ್ರಶ್ನೆ. ಆ ಬೆಂಚಿನ ಸುತ್ತ ಇದ್ದ ನಮ್ಮಲ್ಲಿ ಮೊದಲು ಯಾರ ಅಕ್ಕಿ ನಿಲ್ಲಿಸುತ್ತೀರಿ?

ಸೋಮಾರಿಗಳು ಇಲ್ಲವೆಂದು ನಾನು ಅನ್ನುವುದಿಲ್ಲ. ಮಗಳ ಮನೆ ಇರುವ ಬಡಾವಣೆಯಲ್ಲೇ ಕಂಡಿದ್ದೇನೆ. ಆ ಏಪ್ರಿಲ್ 26 ಶುಕ್ರವಾರ. ಶುಕ್ರ, ಶನಿ, ಭಾನು ಸಾಲಾಗಿ ಸಿಕ್ಕಿತೆಂದು ಗುರುವಾರ ರಾತ್ರಿಯೇ ಮಡಿಕೇರಿ, ಊಟಿ ಕಡೆಗೆ ಹೊರಟ ಕಾರುಗಳಿದ್ದವಂತೆ. ಹಿಂದಿನ ವರ್ಷ ವಿಧಾನಸಭೆಗೆ ಬುಧವಾರ ಇಟ್ಟದ್ದು ಇದಕ್ಕೇ, ವಾರದ ಮಧ್ಯೆ ಇಟ್ಟರೆ ಜನ ಪ್ರವಾಸ ಹೋಗುವುದಿಲ್ಲ ಎಂದು. ಅಷ್ಟಾದರೂ ಮೈಸೂರು ನಗರದ ಕ್ಷೇತ್ರಗಳಲ್ಲಿ ಮತದಾನ ಶೇ 60ರ ಆಸುಪಾಸಿಗೇ ನಿಂತಿತು. ನಗರದವರನ್ನು ಬೈಯುವವರು ಬೈಯಲಿ, ನನ್ನ ಅಭ್ಯಂತರವಿಲ್ಲ. ಆದರೆ ಹಳ್ಳಿಯವರನ್ನು ಹೊಗಳುವಾಗ ಸ್ವಲ್ಪ ಕೈ ಹಿಡಿದು ಹೊಗಳಿ. ಹಳ್ಳಿಯಲ್ಲಿ ಯಾರು ಬಂದರು ಯಾರು ಬರಲಿಲ್ಲ ಎಂದು ಎಲ್ಲರಿಗೂ ಗೊತ್ತು. ಮತಗಟ್ಟೆಯ ಒಳಗೆ ಕೂತ ಏಜೆಂಟ್ ಪಟ್ಟಿಗೆ ಗೀಟು ಹಾಕುತ್ತಾ ಹೋಗುತ್ತಾನೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೊರಗಿನ ಅರಳಿಮರದ ಕೆಳಗೆ ಕೂಗು ಶುರು: ‘ಕೊನೇಮನೆಯೋರ್ದು ಇನ್ನೂ ಮೂರು ಓಟು ಬಂದಿಲ್ಲ ಕಣ್ರಲಾ, ಯಾರಾರ ಬೈಕ್ ತಕಂಡ್ ಓಗ್ರಲಾ.’ ಬೈಕು ಹೋಗುತ್ತದೆ, ಮೂರೂ ಓಟು ಬರುತ್ತವೆ. ನಾಚಿಕೆಗೆ ಬರುವವರು, ನೆಂಟಸ್ತನಕ್ಕೆ ಬರುವವರು, ಹಿಂದಿನ ರಾತ್ರಿಯ ಬಾಡೂಟದ ಋಣಕ್ಕೆ ಬರುವವರು, ‘ಎಲ್ಲರ ಬೀದಿಗೂ ಬಂತು, ನಮ್ಮ ಬೀದಿಗೆ ಕೊಡಲಿಲ್ಲ’ ಎಂದು ಮುನಿಸಿಕೊಂಡು ಸಂಜೆತನಕ ಜಗಲಿ ಬಿಟ್ಟು ಏಳದವರು, ಎಲ್ಲರನ್ನೂ ನೋಡಿದ್ದೇನೆ. ಮೈಸೂರಿನ ವಿಜಯನಗರದ ನಾಲ್ಕನೇ ಹಂತದಲ್ಲಿ ನೀವು ಓಟು ಹಾಕದಿದ್ದರೆ ಪಕ್ಕದ ಮನೆಯವರಿಗೂ ಗೊತ್ತಾಗುವುದಿಲ್ಲ. ವ್ಯತ್ಯಾಸದ ಅರ್ಧ ಪಾಲು ಅಷ್ಟೇ ಎಂದು ನನ್ನ ಅಭಿಪ್ರಾಯ.

ಇನ್ನರ್ಧ ಪಾಲು ಪಟ್ಟಿಯಲ್ಲಿದೆ. ಅದನ್ನು ಹೇಳಲೆಂದೇ ಕೂತದ್ದು.

ಮತ ಹಾಕಲು ಏನು ಅರ್ಹತೆ ಬೇಕು? ಭಾರತದ ಪ್ರಜೆಯಾಗಿರಬೇಕು, 18 ತುಂಬಿರಬೇಕು, ಆ ಕ್ಷೇತ್ರದಲ್ಲಿ ‘ಸಾಮಾನ್ಯ ನಿವಾಸಿ’ ಆಗಿರಬೇಕು. ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ನ್ಯಾಯಾಲಯ ಹೇಳಿರಬಾರದು, ಚುನಾವಣಾ ಅಕ್ರಮಕ್ಕಾಗಿ ಅನರ್ಹ ಮಾಡಿರಬಾರದು. ಅಷ್ಟೇ. ಓದು ಕೇಳುವುದಿಲ್ಲ, ಆಸ್ತಿ ಕೇಳುವುದಿಲ್ಲ. ಮೊನ್ನೆ ಅಳಿಯನ ಸ್ನೇಹಿತರೊಬ್ಬರು ಊಟಕ್ಕೆ ಬಂದಿದ್ದವರು, ‘ತೆರಿಗೆ ಕಟ್ಟುವವರಿಗೆ ಮಾತ್ರ ಓಟು ಕೊಡಬೇಕು ಆಂಟಿ, ದೇಶ ಉದ್ಧಾರ ಆಗುತ್ತೆ’ ಅಂದರು. ಅವರಿಗೆ ಇನ್ನೊಂದು ಚಪಾತಿ ಬಡಿಸಿ ಹೇಳಿದೆ, ನಿಮ್ಮ ಮೈಸೂರಿನವರು ಅದನ್ನೆಲ್ಲ ಮಾಡಿ ನೋಡಿ ಆಗಿದೆಯಪ್ಪ ಎಂದು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದಾಗ ಬಂದವರು 144 ಜನ, ದೊಡ್ಡ ಜಮೀನುದಾರರು, ವರ್ತಕರು, ಅಂಥವರು. ಆಮೇಲೆ ಚುನಾವಣೆ ಬಂದರೂ ಎಷ್ಟು ಕಂದಾಯ, ಎಷ್ಟು ಓದು ಎಂದು ನೋಡಿಯೇ ಓಟು. ಹೆಂಗಸರಿಗೆ ಸಿಕ್ಕಿದ್ದು 1923ರಲ್ಲಿ, ಅದೂ ಅದೇ ಕಂದಾಯದ ಅಳತೆಯಲ್ಲಿ. ಟೌನ್‌ಹಾಲ್ ಮುಂದೆ ಬಸ್ಸಿಗೆ ಕಾಯುವಾಗ ರಂಗಾಚಾರ್ಲು ಹೆಸರಿನ ಆ ಕಟ್ಟಡ ನೋಡುತ್ತೇನೆ. ಆ ಸಭೆಗೆ ನನ್ನ ಮುತ್ತಜ್ಜ ಕೂಲಿಗೆ ಹೋಗಿ ಪೆಂಡಾಲ್ ಕಟ್ಟಬಹುದಿತ್ತು, ಮಾತಾಡಲು ಅಲ್ಲ. 1950ರಲ್ಲಿ ಸಂವಿಧಾನ ಬಂದು ಆ ಅಳತೆಗೋಲನ್ನೆಲ್ಲ ಒಟ್ಟಿಗೇ ಮುರಿದು ಬಿಸಾಡಿತು. ವಯಸ್ಸೊಂದು ಉಳಿಯಿತು. ನಾನು 1985ರಲ್ಲಿ ಮೊದಲ ಓಟಿನ ಮುದ್ರೆ ಒತ್ತುವಾಗ 21 ತುಂಬಿರಬೇಕಿತ್ತು. 1989ರಲ್ಲಿ ಅದನ್ನು 18ಕ್ಕೆ ಇಳಿಸಿದರು, ನನ್ನ ತಮ್ಮ 19ಕ್ಕೇ ಹಾಕಿ ಬಂದು ನನ್ನ ಮುಂದೆ ಬೆರಳು ಆಡಿಸಿದ. ಸ್ನೇಹಿತರು ಚಪಾತಿ ತಿಂದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಅರ್ಹತೆ ಅಷ್ಟು ಸಲೀಸು. ತೊಡಕು ಇರುವುದು ‘ಸಾಮಾನ್ಯ ನಿವಾಸಿ’ ಅನ್ನುವ ಎರಡು ಮಾತಿನಲ್ಲಿ. ಓಟು ಇರುವುದು ಮನುಷ್ಯನಿಗೆ, ಆದರೆ ಅದನ್ನು ಕಟ್ಟಿ ಹಾಕಿರುವುದು ಒಂದು ಮನೆಯ ಬಾಗಿಲಿಗೆ. ಬಾಗಿಲು ಬದಲಾದರೆ ಓಟು ತಾನಾಗಿ ಹಿಂದೆ ಬರುವುದಿಲ್ಲ.

ಬಾಗಿಲು ಅತಿ ಹೆಚ್ಚು ಬದಲಾಗುವುದು ಯಾರಿಗೆ? ಹೆಣ್ಣುಮಕ್ಕಳಿಗೆ.

ನಾಗಮಂಗಲ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಮದುವೆಯಾಗಿ ಐದು ತಿಂಗಳಾಗಿತ್ತು. ಪಟ್ಟಿ ಹಿಡಿದು ಹೋದಾಗ ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಹೊಸಬರು ಯಾರಾದರೂ ಬಂದಿದ್ದಾರಾ ಎಂದೆ. ‘ಅವ್ಳಾ? ನಮ್ ದೊಡ್ ಐದನ್ ಎಡ್ತಿ ಕಣವ್ವ’ ಅಂದರು. ಹೆಸರು ಕೇಳಿದೆ. ಮತ್ತೆ ಅದನ್ನೇ ಹೇಳಿದರು. 1952ರ ಮೊದಲ ಮಹಾಚುನಾವಣೆಯಲ್ಲಿ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟು ಹೋಯಿತಂತೆ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರು, ಸ್ವಂತ ಹೆಸರು ಕೊಟ್ಟಿರಲಿಲ್ಲ ಎಂಬುದಕ್ಕೆ. ತರಬೇತಿಯಲ್ಲಿ ಇದನ್ನು ಹೇಳಿದಾಗ ನಾವೆಲ್ಲ ನಕ್ಕಿದ್ದೆವು. ಆ ಜಗಲಿಯಲ್ಲಿ ನಗು ಬರಲಿಲ್ಲ.

ಹುಡುಗಿ ಒಳಗಿನಿಂದ ಒಂದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕವರ್ ತಂದಳು. ಸೀರೆ ಅಂಗಡಿಯ ಕವರು. ಅದರಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಪ್ಪನ ಮನೆಯ ವಿಳಾಸವಿದ್ದ ಆಧಾರ್, ಒಂದು ಲಗ್ನಪತ್ರಿಕೆ, ಎರಡು ಪಾಸ್‌ಪೋರ್ಟ್ ಸೈಜಿನ ಫೋಟೊ. ಫೋಟೊದಲ್ಲಿ ಎರಡು ಜಡೆ ಹಾಕಿದ್ದಳು. ಅವಳ ಹೆಸರಿಗೆ ಈ ಊರಿನದು ಅಂತ ಒಂದು ಚೂರು ಕಾಗದವಿರಲಿಲ್ಲ. ಅಷ್ಟರಲ್ಲಿ ಅತ್ತೆ, ‘ಈಗ್ಲೇ ಯಾಕವ್ವ, ಇನ್ನೊಂದು ಆರು ತಿಂಗ್ಳು ಓಗ್ಲಿ’ ಅಂದರು. ಯಾಕೆ ಅಂದರೆಂದು ನನಗೆ ಗೊತ್ತು, ನಿಮಗೂ ಗೊತ್ತಾಗುತ್ತದೆ. ಹುಡುಗಿ ಕವರನ್ನು ಮಡಚಿ ಎದೆಗೆ ಹಿಡಿದು ನಿಂತಳು. ನಾನು ಆಯಿತೆಂದು ಮುಂದಿನ ಮನೆಗೆ ಹೋದೆ. ಅದೇ ನನ್ನ ತಪ್ಪು. ಅತ್ತ ತವರಿನಲ್ಲಿ, ಮದುವೆಯಾಗಿ ಹೋದಳು ಎಂದು ಅವಳ ಹೆಸರು ತೆಗೆದರು. ಇತ್ತ ಸೇರಿರಲಿಲ್ಲ. ಲೋಕಸಭೆ ಬಂತು, ಹೋಯಿತು. ಪಂಚಾಯಿತಿ ಚುನಾವಣೆ ಬಂತು, ಹೋಯಿತು. ಬಾಣಂತನ, ಮಗು, ಮಧ್ಯೆ ನನ್ನ ಒಂದು ವರ್ಗದ ಓಡಾಟ. ಕೊನೆಗೆ ಸೇರಿಸಿದಾಗ ಮಗು ನನ್ನದೇ ಅಂಗನವಾಡಿಗೆ ಬರುತ್ತಿತ್ತು. ಅಷ್ಟು ವರ್ಷ ಆಕೆ ‘ಮತ ಹಾಕದ ಪ್ರಜೆ’ ಕೂಡ ಅಲ್ಲ. ಪಟ್ಟಿಯಲ್ಲೇ ಇಲ್ಲದವರನ್ನು ಯಾವ ಶೇಕಡಾದಲ್ಲೂ ಎಣಿಸುವುದಿಲ್ಲ. ನಮ್ಮ ಶೇ 90ರ ಹೆಮ್ಮೆಗೆ ಅವಳಿಂದ ಒಂದು ಕೂದಲೂ ಕೊಂಕಲಿಲ್ಲ.

ಈಗ ಆಗಿನಷ್ಟು ಕಷ್ಟವಿಲ್ಲ, ನಿಜ ಹೇಳಬೇಕು. 2022ರ ಆಗಸ್ಟ್‌ನಿಂದ ಫಾರಂ 8 ಒಂದರಲ್ಲೇ ವಿಳಾಸ ಬದಲಾಯಿಸಬಹುದು, ಬೇರೆ ಕ್ಷೇತ್ರಕ್ಕೆ ಹೋದರೂ ಸರಿ. 18 ತುಂಬಿದ್ದಕ್ಕೆ ಜನವರಿ 1 ಒಂದೇ ಲೆಕ್ಕವಿತ್ತು. ಜನವರಿ 2ಕ್ಕೆ ಹುಟ್ಟಿದವನು ವರ್ಷವಿಡೀ ಕಾಯಬೇಕಿತ್ತು. ಈಗ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳೂ ಸೇರಿ ನಾಲ್ಕು. ದಾಖಲೆ ಇಲ್ಲದಿದ್ದರೆ ಬಿಎಲ್‌ಓ ಹೋಗಿ ಕಣ್ಣಾರೆ ನೋಡಿ ಬರಬೇಕು, ಇಲ್ಲ ಎಂದು ಸುಮ್ಮನೆ ವಾಪಸ್ ಕಳಿಸುವಂತಿಲ್ಲ. ಮನೆಯೇ ಇಲ್ಲದವರಿಗೂ, ಅವರು ಎಲ್ಲಿ ಮಲಗುತ್ತೇವೆ ಎಂದಿದ್ದಾರೋ ಅಲ್ಲಿಗೆ ರಾತ್ರಿ ಹೋಗಿ ನೋಡಿ ಸೇರಿಸಬೇಕೆಂದಿದೆ. ನಾನು ಒಮ್ಮೆ ಹಾಗೆ ಸಂತೆಮಾಳದ ಕಟ್ಟೆಗೆ ಟಾರ್ಚ್ ಹಿಡಿದು ಹೋಗಿದ್ದೆ, ಜೊತೆಗೆ ನಮ್ಮ ಯಜಮಾನರು ಕೋಲು ಹಿಡಿದು. ಮಲಗಿದ್ದವನು ಪೊಲೀಸರೆಂದು ಎದ್ದು ಓಡಿಬಿಟ್ಟ. ಎರಡನೇ ರಾತ್ರಿ ಸಿಕ್ಕಿದ.

ಇನ್ನು ಬೆಂಗಳೂರಿನ ಮಾತು. 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಸುಮಾರಿಗೆ ನಿಂತಿತು ಎಂದು ಎಲ್ಲರೂ ಛೀಮಾರಿ ಹಾಕಿದರು. ಅದೇ ಬೆಳಿಗ್ಗೆ ಬೆಂಗಳೂರಿನಿಂದ ಮಂಡ್ಯ ಕಡೆಗೆ ಬಂದ ಬಸ್ಸು, ರೈಲು, ಬಾಡಿಗೆ ಟೆಂಪೊಗಳನ್ನು ಯಾರಾದರೂ ಎಣಿಸಿದರೇ? ನಮ್ಮೂರ ಪಟ್ಟಿಯಲ್ಲಿರುವ ಗಂಡು ಹುಡುಗರಲ್ಲಿ ಎಷ್ಟೋ ಜನ ಊರಲ್ಲಿ ಮಲಗುವುದು ವರ್ಷಕ್ಕೆ ಹತ್ತು ದಿನ. ಹಬ್ಬಕ್ಕೆ, ಕೊಂಡಕ್ಕೆ, ಓಟಿಗೆ. ಕೆಂಗೇರಿಯಲ್ಲೋ ಪೀಣ್ಯದಲ್ಲೋ ಬಾಡಿಗೆ ಮನೆ, ಓಟು ಮಾತ್ರ ಹುಟ್ಟಿದೂರಲ್ಲಿ. ಕಾನೂನಿನ ಪ್ರಕಾರ ಊರಲ್ಲಿ ಮನೆ ಇದ್ದ ಮಾತ್ರಕ್ಕೆ ನಿವಾಸಿ ಆಗುವುದಿಲ್ಲ. ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ನಿವಾಸ ತಪ್ಪುವುದೂ ಇಲ್ಲ. ಆ ಎರಡರ ನಡುವಿನ ಸಂದಿನಲ್ಲಿ ಇಡೀ ಮಂಡ್ಯ ಜಿಲ್ಲೆಯ ಯೌವನ ಇದೆ. ಕೆಲವರ ಹೆಸರು ಎರಡೂ ಕಡೆ ಇರುತ್ತದೆ. ಅಲ್ಲಿ ಹಾಕದೆ ಇಲ್ಲಿ ಹಾಕಿದರೆ, ಅಲ್ಲಿನ ಲೆಕ್ಕದಲ್ಲಿ ಒಬ್ಬ ಸೋಮಾರಿ ಹುಟ್ಟಿಕೊಂಡ ಹಾಗೆ! ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ, ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದ ತನಕ ಜೈಲು ಎಂದು ನಾನೇ ಓದಿ ಹೇಳಿದ್ದೇನೆ. ‘ಪಂಚಾಯ್ತಿ ಎಲೆಕ್ಷನ್ನಲ್ಲಿ ಮೂರು ಓಟಲ್ಲಿ ಗೆಲ್ತಾರೆ, ತೆಗ್ಸುದ್ರೆ ನಮ್ಮಪ್ಪ ಮನೆ ಒಳಿಕೆ ಸೇರ್ಸಕ್ಕಿಲ್ಲ ಮೇಡಂ’ ಅನ್ನುತ್ತಾರೆ. ತಪ್ಪು ಅನ್ನಲು ಬಾಯಿ ಬರುತ್ತಿರಲಿಲ್ಲ.

ಊರಿಗೆ ಬರಲಾಗದವರ ಪಾಡು ಬೇರೆ. ಮತದಾನದ ದಿನ ಸಂಬಳ ಕಡಿಯದೆ ರಜೆ ಕೊಡಬೇಕು, ದಿನಗೂಲಿಯವರಿಗೂ ಕೊಡಬೇಕು ಎಂದು ಕಾನೂನಿನಲ್ಲಿದೆ. ಕೊಡದ ಮಾಲೀಕನಿಗೆ ದಂಡ ಎಷ್ಟು ಅಂತೀರಿ? ಹೆಚ್ಚೆಂದರೆ 500 ರೂಪಾಯಿ. ನಮ್ಮೂರಿನಿಂದ ವ್ಯಾನಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಕಡೆ ರಜೆ ಏನೋ ಕೊಟ್ಟರು, ಆ ತಿಂಗಳ ಹಾಜರಿ ಬೋನಸ್ ಹಿಡಿದುಕೊಂಡರು. ಐನೂರಕ್ಕಿಂತ ಹೆಚ್ಚೇ ಇತ್ತು ಒಬ್ಬೊಬ್ಬಳದ್ದು. ನಮ್ಮ ಕಡೆಯ ಆಲೆಮನೆಗಳಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವವರಲ್ಲಿ ಉತ್ತರ ಪ್ರದೇಶದ ಹುಡುಗರಿದ್ದಾರೆ, ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಗಂಡಹೆಂಡಿರು ಬರುತ್ತಾರೆ. ಅವರಿಗೆ ಓಟಿನ ಮಾತೆತ್ತಿದರೆ ಹಬ್ಬದ ಊಟದ ಮಾತೆತ್ತಿದ ಹಾಗೆ ದೂರ ನೋಡುತ್ತಾರೆ. ಇದ್ದಲ್ಲಿಂದಲೇ ಹಾಕುವ ಯಂತ್ರವೊಂದನ್ನು 2023ರ ಜನವರಿಯಲ್ಲಿ ಚುನಾವಣಾ ಆಯೋಗ ಪಕ್ಷಗಳಿಗೆ ತೋರಿಸಲು ಕರೆದಿತ್ತು. ಪಕ್ಷಗಳು ಒಪ್ಪಲಿಲ್ಲ, ಮಾತು ಅಲ್ಲಿಗೇ ನಿಂತಿತು. ಜೈಲಿನಲ್ಲಿರುವವರದ್ದು ಇನ್ನೊಂದು ವಿಚಿತ್ರ. ವಿಚಾರಣೆ ಮುಗಿಯದೆ ಒಳಗಿರುವವನು ಚುನಾವಣೆಗೆ ನಿಲ್ಲಬಹುದು, ಗೆಲ್ಲಬಹುದು, ಓಟು ಮಾತ್ರ ಹಾಕುವಂತಿಲ್ಲ.

ಬೇಕೆಂದೇ ಹಾಕದವರೂ ಇದ್ದಾರೆ. ಅದೇ ಏಪ್ರಿಲ್ 26ರಂದು, ಮಲೆ ಮಹದೇಶ್ವರ ಬೆಟ್ಟದ ಹತ್ತಿರ ಇಂಡಿಗನತ್ತದಲ್ಲಿ ರಸ್ತೆ, ನೀರು ಇಲ್ಲವೆಂದು ಬಹಿಷ್ಕಾರ ಹಾಕಿದ ಜನ ಮತಯಂತ್ರವನ್ನೇ ಒಡೆದರು. 29ಕ್ಕೆ ಮರುಮತದಾನ. ಆಸ್ಪತ್ರೆಯ ಟಿವಿಯಲ್ಲಿ ಆ ಸುದ್ದಿ ಬಂದಾಗ, ಅದೇ ಲೋಕಸಭಾ ಕ್ಷೇತ್ರದಲ್ಲಿ ಡ್ಯೂಟಿಯಲ್ಲಿದ್ದ ಅಳಿಯನಿಗೆ ಫೋನ್ ಮಾಡಿ ಮಾಡಿ ಸಾಕಾದೆ. ಯಂತ್ರ ಒಡೆದದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಅವರನ್ನು ‘ಅರಿವಿಲ್ಲದವರು’ ಅನ್ನಬೇಡಿ. ಯಾರೂ ಬೇಡ ಅನ್ನಿಸಿದರೆ ನೋಟಾ ಇದೆಯಲ್ಲ ಅನ್ನುತ್ತೀರಿ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂತು. ಅದಕ್ಕೂ ಮೊದಲು ‘ನಾನು ಯಾರಿಗೂ ಹಾಕಲ್ಲ’ ಎಂದು ಅಧಿಕಾರಿಗೆ ಹೇಳಿ ಪುಸ್ತಕದಲ್ಲಿ ಸಹಿ ಮಾಡಬೇಕಿತ್ತು, ಏಜೆಂಟರೆಲ್ಲ ನೋಡುತ್ತಿರುವಾಗ. ಸಂಜೆ ಅದೇ ಏಜೆಂಟರ ಅಂಗಡಿಯಲ್ಲಿ ಬೀಡಿ ಕೊಳ್ಳಬೇಕಾದವನು ಹಾಗೆ ಹೇಳಲು ಎಂಟೆದೆ ಬೇಕು.

ಆ ಮಹನೀಯರು ಓಟು ಕಡ್ಡಾಯ ಮಾಡುವ ಮಾತು ಎತ್ತಿದ್ದರಿಂದ ಹೇಳುತ್ತೇನೆ. ಗುಜರಾತಿನಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಹಾಗೊಂದು ಕಾನೂನು ಮಾಡಿದರು, 2015ರಲ್ಲಿ ಅಲ್ಲಿನ ಹೈಕೋರ್ಟ್ ತಡೆ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ 1924ರಿಂದ ಕಡ್ಡಾಯವಿದೆ, ಹಾಕದವರಿಗೆ 20 ಡಾಲರ್ ದಂಡ. ಆದರೆ ಅಲ್ಲಿ ಮತದಾನ ಶನಿವಾರ, ನಿಮ್ಮ ರಾಜ್ಯದ ಯಾವ ಮತಗಟ್ಟೆಯಲ್ಲಾದರೂ ಹಾಕಬಹುದು, ಆಗದವರು ಮುಂಚೆಯೇ ಹಾಕಬಹುದು, ಅಂಚೆಯಲ್ಲೂ ಕಳಿಸಬಹುದು. ಅಷ್ಟು ಬಾಗಿಲು ತೆರೆದಿಟ್ಟ ಮೇಲೆ ದಂಡ ಕೇಳಲು ಅವರಿಗೆ ಮುಖವಿದೆ. ನನಗೂ ಮೈಸೂರಿನ ಆ ಆಸ್ಪತ್ರೆಯ ಪಕ್ಕದ ಶಾಲೆಯಲ್ಲಿ ಹಾಕಲು ಬಿಟ್ಟು, ಆಮೇಲೂ ನಾನು ಹೋಗದೆ ಕೂತಿದ್ದರೆ ನನ್ನ ಅಕ್ಕಿ ನಿಲ್ಲಿಸಲಿ.

ಮನೆಗೇ ಪೆಟ್ಟಿಗೆ ತರುವ ವ್ಯವಸ್ಥೆ ನಮ್ಮಲ್ಲೂ ಬಂದಿದೆ. 2023ರಲ್ಲಿ 80 ದಾಟಿದವರಿಗೆ ಮತ್ತು ಅಂಗವಿಕಲರಿಗೆ, 2024ರಲ್ಲಿ ಆ ವಯಸ್ಸನ್ನು 85 ಮಾಡಿದರು. ನನ್ನ ಕೊನೆಯ ಚುನಾವಣೆಯಲ್ಲಿ ಮನೆಯಿಂದಲೇ ಮತ ಹಾಕುವವರ 12ಡಿ ಫಾರಂ ಹಿಡಿದು ಒಬ್ಬ ಅಜ್ಜಿಯ ಮನೆಗೆ ಹೋದೆ. 84 ವಯಸ್ಸು, ಸೊಂಟ ಬಗ್ಗಿ ನೆಲ ಮುಟ್ಟುತ್ತಿತ್ತು. ಎಲ್ಲ ವಿವರಿಸಿದೆ, ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ಆಮೇಲೆ ಮತಗಟ್ಟೆಗೆ ಬರುವಂತಿಲ್ಲ ಎಂದೂ ಹೇಳಿದೆ. ಎಲೆಅಡಿಕೆ ಕುಟ್ಟುತ್ತಾ ಕೇಳಿಸಿಕೊಂಡರು. ‘ಮನೇಲೇ ಕುಂತು ಓಟಾಕುದ್ರೆ ನಾನಿನ್ನೂ ಬದ್ಕಿವ್ನಿ ಅಂತ ಊರೋರ್ಗೆ ಎಂಗವ್ವ ಗೊತ್ತಾದದು? ಇಸ್ಕೂಲ್‌ ತಕ್ಕೇ ಓಯ್ತೀನಿ ಬುಡು’ ಅಂದರು. ಮೇ 10ರ ಬೆಳಿಗ್ಗೆ ಏಳೂಕಾಲಿಗೆ ಬಂದರು, ಮೊಮ್ಮಗನ ಬೈಕಿನ ಹಿಂದೆ ಒಂದು ಪಕ್ಕಕ್ಕೆ ಕೂತು, ಮದುವೆಗೆ ಉಡುವ ಸೀರೆ ಉಟ್ಟು.

ನಾನೀಗ ಮೈಸೂರಿನಲ್ಲೇ ಇದ್ದೇನೆ. ಯಜಮಾನರು ಹೋದ ಮೇಲೆ ಊರ ಮನೆಗೆ ಬೀಗ, ಮಗಳು ಕೆಲಸಕ್ಕೆ ಹೋದರೆ ಮೊಮ್ಮಗನಿಗೆ ನಾನೇ. ಕಾನೂನಿನ ಲೆಕ್ಕದಲ್ಲಿ ಇಲ್ಲಿಯ ಸಾಮಾನ್ಯ ನಿವಾಸಿ. ಓಟು ಇಲ್ಲಿಗೆ ತರಿಸಿಕೊಳ್ಳುತ್ತೇನೆ ಅಂದದ್ದು ಊರಿಗೆ ಹೇಗೋ ಗೊತ್ತಾಗಿ ಫೋನು ಬಂತು: ‘ತೆಗ್ಸಬ್ಯಾಡ ಕಣಕ್ಕ, ಪಂಚಾಯ್ತಿ ಎಲೆಕ್ಷನ್ ಬತ್ತದೆ, ಕಾರ್ ಕಳುಸ್ತೀವಿ.’ ಕೆಂಗೇರಿ ಹುಡುಗರಿಗೆ ನಾನು ಮಾಡಿದ ಭಾಷಣವೆಲ್ಲ ನೆನಪಾಯಿತು. ಹದಿನೈದು ದಿನ ಫಾರಂ 8 ಅನ್ನು ದೇವರ ಮನೆ ಗೂಡಿನಲ್ಲಿ ಇಟ್ಟಿದ್ದೆ. ಆಮೇಲೆ ಕೊಟ್ಟೆ.

ಪರಿಶೀಲನೆಗೆ ಬಂದ ಬಿಎಲ್‌ಓ ಎಳೆ ವಯಸ್ಸಿನ ಪ್ರಾಥಮಿಕ ಶಾಲೆ ಟೀಚರ್. ಅಪಾರ್ಟ್‌ಮೆಂಟಿನ ಸಂಘದವರ ಅಪ್ಪಣೆ ಇಲ್ಲದೆ ಮೇಲೆ ಬಿಡುವುದಿಲ್ಲವೆಂದು ವಾಚ್‌ಮನ್ ಆಕೆಯನ್ನು ಗೇಟಿನಲ್ಲೇ ನಿಲ್ಲಿಸಿದ್ದ. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಾನೇ ಇಳಿದೆ. ಅವನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿ, ಯಾವ ಮನೆಯಲ್ಲಿ ಯಾರು ಹೊಸಬರು, ಯಾರು ಖಾಲಿ ಮಾಡಿ ಹೋದರು ಎಂದು ಅವನ ವಾಹನದ ರಿಜಿಸ್ಟರ್ ನೋಡಿಕೊಂಡೇ ಗುರುತು ಹಾಕಿದೆವು. ಮುಗಿಯುವ ಹೊತ್ತಿಗೆ ಆಕೆ ಅವನನ್ನು ಕೇಳಿದಳು, ‘ನಿಮ್ದು ಎಲ್ಲಿದೆ ಅಣ್ಣ?’ ಯಾದಗಿರಿ ಕಡೆಯವನು. ಇಲ್ಲಿಗೆ ಬಂದು ಮೂರು ವರ್ಷ, ಹೆಂಡತಿ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ, ಮಗು ಇಲ್ಲೇ ಶಾಲೆಗೆ ಹೋಗುತ್ತದೆ. ಬಂದ ಮೇಲೆ ಇಬ್ಬರೂ ಒಂದು ಸಲವೂ ಓಟು ಹಾಕಿಲ್ಲ. ವಾಸದ ಕಾಗದ ಕೇಳಿದರೆ ಸಂಘದವರು ಕೊಡುತ್ತಾರೋ ಇಲ್ಲವೋ ಎಂದು ಅವನಿಗೆ ಅಳುಕು.

ಅವರಿಬ್ಬರ ಫಾರಂಗಳನ್ನು ನಾನೇ ತುಂಬಿದ್ದೇನೆ. ಮನೆ ನಂಬರ್ ಎಂಬಲ್ಲಿ ಏನು ಬರೆಯುವುದೆಂದು ಅವನು ಕೇಳಿದ. ಅಪಾರ್ಟ್‌ಮೆಂಟಿನ ಹೆಸರು ಹಾಕಿ, ಮುಂದೆ ‘ಮೆಟ್ಟಿಲ ಕೆಳಗಿನ ಕೋಣೆ’ ಎಂದು ಬರೆದೆ. ಟೀಚರ್ ಬಗ್ಗಿ ಆ ಕೋಣೆಯೊಳಗೆ ನೋಡಿ, ಒಲೆ, ಹಾಸಿಗೆ, ಮಗುವಿನ ಸ್ಕೂಲ್ ಬ್ಯಾಗು ಎಲ್ಲ ಕಂಡು, ಪರಿಶೀಲಿಸಿದ್ದೇನೆ ಎಂದು ಸಹಿ ಹಾಕಿ ಹೋಗಿದ್ದಾಳೆ. ಹೆಸರು ಇನ್ನೂ ಪಟ್ಟಿಗೆ ಬಂದಿಲ್ಲ, ದಿನಾ ಮೊಬೈಲಿನಲ್ಲಿ ನೋಡುತ್ತಿದ್ದೇನೆ.

ಇಂತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಮಾಜಿ ಬಿಎಲ್‌ಓ
ಈಗ ಮೈಸೂರು
(ಹೆಸರು ಹಾಕಬೇಡಿ. ಊರಿನವರು ಇನ್ನೊಂದು ಸಲ ಫೋನ್ ಮಾಡುತ್ತಾರೆ.)